ಹೆಂಡತಿಗೆ ಇವತ್ತೇ ಹೇಳಿ

ಪ್ರಶ್ನೆ: 27 ವಾರಕ್ಕೆ ಹುಟ್ಟಿದ ನಮ್ಮ ಮಗು ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ಪಿಡಿಎ, ಅಂದರೆ ಹೃದಯದ ಬಳಿ ಮುಚ್ಚದೆ ಉಳಿದ ರಕ್ತನಾಳವನ್ನು ಮುಚ್ಚಲು ನಾಡಿದ್ದು ಶಸ್ತ್ರಚಿಕಿತ್ಸೆ ಎಂದಿದ್ದಾರೆ. ಹೆಂಡತಿ ತವರಿನಲ್ಲಿದ್ದಾಳೆ, ಅವಳಿಗೆ ತಿಳಿಸಬೇಡ ಎನ್ನುತ್ತಿದ್ದಾರೆ ಮನೆಯವರು. ಈ ಎರಡು ದಿನ ನಾನು ಏನು ಮಾಡಲಿ?

ಮೊದಲು ಹೆಂಡತಿಗೆ ಹೇಳಿ. ಮಿಕ್ಕದ್ದೆಲ್ಲ ಆಮೇಲೆ.

ನನ್ನ ಮಗಳು 28 ವಾರಕ್ಕೆ ಹುಟ್ಟಿದವಳು, ತೂಕ 980 ಗ್ರಾಂ. ಇಪ್ಪತ್ತೆರಡನೆಯ ದಿನ ಅವಳಿಗೂ ಇದೇ ಶಸ್ತ್ರಚಿಕಿತ್ಸೆಯಾಯಿತು. ಮಗು ಬೆಂಗಳೂರಿನ ಆಸ್ಪತ್ರೆಯಲ್ಲಿ, ಹೆಂಡತಿ ತುಮಕೂರಿನ ತವರಿನಲ್ಲಿ. ಡಾಕ್ಟರು ನನಗೆ ತಿಳಿಸಿದ್ದು ಸೋಮವಾರ ಮಧ್ಯಾಹ್ನ, ನಾನು ಅವಳಿಗೆ ಹೇಳಿದ್ದು ಮಂಗಳವಾರ ರಾತ್ರಿ. ಯಾವ ವಿಷಯಕ್ಕೂ ಒಮ್ಮತಕ್ಕೆ ಬಾರದ ನಮ್ಮತ್ತೆ ಮತ್ತು ನಮ್ಮಮ್ಮ ಇದೊಂದರಲ್ಲಿ ಒಂದಾಗಿದ್ದರು: "ಹಸಿ ಬಾಣಂತಿ, ಕೇಳಿದರೆ ಎದೆಹಾಲು ಬತ್ತಿಹೋಗುತ್ತದೆ." ನಾನೂ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಅವರ ಮಾತು ನನಗೆ ಅನುಕೂಲವಾಗಿತ್ತು. ಫೋನಿನಲ್ಲಿ "ಚೆನ್ನಾಗಿದ್ದಾಳೆ" ಎಂದೆ. "ನಿಮ್ಮ ದನಿ ಚೆನ್ನಾಗಿಲ್ಲವಲ್ಲ" ಎಂದಳು. ಆ ರಾತ್ರಿಯಿಡೀ ಅವಳು ಮಗು ಹೋಗಿಬಿಟ್ಟಿದೆ ಎಂದುಕೊಂಡೇ ಕಳೆದಳಂತೆ. ನಾವು ಮುಚ್ಚಿಟ್ಟಿದ್ದು ಒಂದು ಶಸ್ತ್ರಚಿಕಿತ್ಸೆಯನ್ನು, ಅವಳು ಊಹಿಸಿಕೊಂಡಿದ್ದು ಸಾವನ್ನು.

ಕೊನೆಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಎಷ್ಟು ಗಂಟೆಗೆ?" ಬುಧವಾರ ಬೆಳಗಿನ ಜಾವ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು ಕಟ್ಟಿಕೊಂಡು ಕಾರು ಹತ್ತಿದಳು. ಹಾಲೇನೂ ಬತ್ತಲಿಲ್ಲ.

ಹೇಳುವಾಗ "ಹಾರ್ಟ್ ಆಪರೇಷನ್" ಎನ್ನಬೇಡಿ. ಹೃದಯವನ್ನು ತೆರೆಯುವುದೇ ಇಲ್ಲ. ಹೊಟ್ಟೆಯಲ್ಲಿರುವಾಗ ಮಗು ಗಾಳಿ ಉಸಿರಾಡುವುದಿಲ್ಲವಾದ್ದರಿಂದ, ರಕ್ತ ಶ್ವಾಸಕೋಶದೊಳಗೆ ಹೋಗದೆ ಪಕ್ಕದಿಂದ ಸಾಗಲು ಹೃದಯದ ಹೊರಗೆ, ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಒಳದಾರಿ ಇರುತ್ತದೆ. ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ಅದು ಎರಡು ಮೂರು ದಿನಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮಂಥವರ ಮಕ್ಕಳಲ್ಲಿ ಎಷ್ಟೋ ಸಲ ಮುಚ್ಚುವುದಿಲ್ಲ. ಆಗ ರಕ್ತ ಹಿಮ್ಮುಖವಾಗಿ ಶ್ವಾಸಕೋಶಕ್ಕೆ ನುಗ್ಗುತ್ತದೆ, ವೆಂಟಿಲೇಟರ್ ಬಿಡಿಸುವುದು ಕಷ್ಟವಾಗುತ್ತದೆ. ಮೊದಲು ಐಬುಪ್ರೊಫೆನ್ ಅಥವಾ ಪ್ಯಾರಾಸಿಟಮಾಲ್ ಕೊಟ್ಟು ನೋಡುತ್ತಾರೆ (ಜ್ವರದ ಔಷಧಿಯೇ ಎಂದು ನಾನು ಎರಡು ಸಲ ಕೇಳಿದ್ದೆ). ಅದಕ್ಕೂ ಮುಚ್ಚದಿದ್ದರೆ ಎಡ ಬೆನ್ನಿನ ಪಕ್ಕೆಲುಬುಗಳ ನಡುವೆ ಸಣ್ಣದಾಗಿ ಕೊಯ್ದು ಆ ನಾಳವನ್ನು ಕಟ್ಟುತ್ತಾರೆ, ಇಲ್ಲವೇ ಕ್ಲಿಪ್ ಹಾಕುತ್ತಾರೆ. ಕೆಲವು ಕಡೆ ತೊಡೆಯ ರಕ್ತನಾಳದಿಂದ ನಳಿಕೆ ತೂರಿಸಿಯೂ ಮುಚ್ಚುತ್ತಾರೆ. ನಿಮ್ಮ ಮಗುವಿಗೆ ಯಾವುದು ಎಂದು ಕೇಳಿಕೊಳ್ಳಿ.

ಇನ್ನೂ ಕೆಲವನ್ನು ಕೇಳಲೇಬೇಕು. ಮಗುವನ್ನು ಆಪರೇಷನ್ ಥಿಯೇಟರಿಗೆ ಒಯ್ಯುತ್ತಾರೋ, ಎನ್‌ಐಸಿಯುನಲ್ಲೇ ಮಾಡುತ್ತಾರೋ? ಇಷ್ಟು ಚಿಕ್ಕ ಮಕ್ಕಳನ್ನು ಅಲುಗಾಡಿಸುವುದೇ ಒಂದು ಅಪಾಯ, ಆದ್ದರಿಂದ ಹಲವು ಕಡೆ ಹಾಸಿಗೆಯ ಬಳಿಯೇ ಮಾಡುತ್ತಾರೆ. ರಕ್ತ ತಯಾರಿದೆಯೇ? ಒಂದು ಕಿಲೋ ತೂಗುವ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 80ರಿಂದ 90 ಮಿಲಿಲೀಟರ್. ಕ್ಯಾಂಟೀನಿನಲ್ಲಿ ಬೈಟೂ ಕಾಫಿಯ ಲೋಟ ಕೈಯಲ್ಲಿ ಹಿಡಿದಿದ್ದಾಗ ಇದು ನೆನಪಾಗಿ ಲೋಟವನ್ನು ಹಾಗೇ ಕೆಳಗಿಟ್ಟಿದ್ದೆ. ಎರಡು ಚಮಚ ರಕ್ತ ಹೋದರೂ ಅವರಿಗೆ ಲೆಕ್ಕ. ಮೂರನೆಯದು, ಶಸ್ತ್ರಚಿಕಿತ್ಸೆಯ ನಂತರದ ಮೊದಲ ರಾತ್ರಿಯ ಬಗ್ಗೆ ಕೇಳಿ. ನಾಳ ಮುಚ್ಚಿದ ಮೇಲೆ ಹೃದಯದ ಮೇಲಿನ ಹೊರೆ ಒಮ್ಮೆಲೇ ಬದಲಾಗುವುದರಿಂದ ಕೆಲವು ಗಂಟೆಗಳ ನಂತರ ರಕ್ತದೊತ್ತಡ ಕುಸಿಯಬಹುದು. ನಮಗೆ ಹಾಗೇ ಆಯಿತು, ಹತ್ತಿರ ಹತ್ತಿರ ಮಧ್ಯರಾತ್ರಿಗೆ. ಮೊದಲೇ ಹೇಳಿದ್ದರಿಂದ ನಾನು ನಿಂತಲ್ಲೇ ಕುಸಿಯಲಿಲ್ಲ.

ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಸಹಿ ಹಾಕಿ. ರೋಗಿಯ ಹೆಸರಿನ ಜಾಗದಲ್ಲಿ "ಬೇಬಿ ಆಫ್" ಎಂದು ಬರೆದು ಮುಂದೆ ತಾಯಿಯ ಹೆಸರು ಇರುತ್ತದೆ. ನಾಮಕರಣವಾಗದ ಕೂಸಿನ ಸಾವಿನ ಸಾಧ್ಯತೆಗೆ ಸಹಿ ಹಾಕುವಾಗ ನನ್ನ ಕೈ ನಡುಗಿದ್ದು ಆ ಸಾಲಿನ ಮೇಲೆಯೇ. ಸುಳ್ಳು ಧೈರ್ಯ ಹೇಳಲಾರೆ. ಹೊರಗಿನ ಬೆಂಚಿನಲ್ಲಿ ನಮ್ಮ ಜೊತೆ ಹತ್ತೊಂಬತ್ತು ದಿನ ಕೂತಿದ್ದ ಒಂದು ಜೋಡಿ ಬರಿಗೈಯಲ್ಲಿ ಊರಿಗೆ ಹೋಯಿತು.

ಹಾಲಿನ ವಿಷಯ. ಶಸ್ತ್ರಚಿಕಿತ್ಸೆಗೆ ಮೊದಲು ಮಗುವಿಗೆ ಹಾಲು ನಿಲ್ಲಿಸುತ್ತಾರೆ. ಅದನ್ನು ಕೇಳಿ ನಿಮ್ಮ ಹೆಂಡತಿ ಹಿಂಡುವುದನ್ನು ನಿಲ್ಲಿಸಬಾರದು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ದಿನಕ್ಕೆ ಎಂಟು ಸಲವಾದರೂ ಹಿಂಡಿದರೆ ಮಾತ್ರ ಹಾಲು ಉಳಿಯುತ್ತದೆ. ಪ್ರತಿ ಬಾಟಲಿಯ ಮೇಲೆ ತಾರೀಖು, ಗಂಟೆ ಬರೆದು ಫ್ರಿಜ್ಜಿನಲ್ಲಿಡಿ. ಎಷ್ಟು ದಿನದ್ದು ತೆಗೆದುಕೊಳ್ಳುತ್ತಾರೆಂದು ಸಿಸ್ಟರನ್ನು ಕೇಳಿ. ಹೆಂಡತಿ ಬರುವ ತನಕ ನಾನು ಐಸ್‌ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತುಮಕೂರಿನಿಂದ ಬೆಳಗಿನ ರೈಲಿನಲ್ಲಿ ಓಡಾಡುತ್ತಿದ್ದೆ. ಪಕ್ಕದವರೊಬ್ಬರು "ಮೀನಾ?" ಎಂದು ಕೇಳಿದ್ದರು. ಹಾಲು ಸಾಲದಿದ್ದರೆ ದಾನಿಗಳ ಹಾಲಿಗೆ ಕೇಳಿ ನೋಡಿ, ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ತಾಯಿಯ ಹಾಲಿನ ಬ್ಯಾಂಕ್ ಇದೆ.

ಮುಟ್ಟಲು ಬಿಟ್ಟರೆ ಮೊಣಕೈವರೆಗೆ ತೊಳೆದುಕೊಂಡು, ಕೈ ಬೆಚ್ಚಗಾದ ಮೇಲೆ ಒಂದನ್ನು ತಲೆಗೂ ಇನ್ನೊಂದನ್ನು ಮಡಚಿದ ಕಾಲುಗಳಿಗೂ ಒತ್ತಾಗಿ ಇಡಿ, ಅಲುಗಾಡಿಸದೆ. ಸವರಬೇಡಿ. ನಾನು ಪ್ರೀತಿಯಿಂದ ಸವರಿದಾಗಲೆಲ್ಲ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಪ್ರಮಾಣ) ಇಳಿದು ಅಲಾರಂ ಹೊಡೆದುಕೊಳ್ಳುತ್ತಿತ್ತು. ಒಬ್ಬ ಸಿಸ್ಟರು ನನ್ನ ಕೈ ಹಿಡಿದು ಹೀಗಿಡುವುದನ್ನು ಕಲಿಸಿದರು. 91 ಇದ್ದದ್ದು ಮೆಲ್ಲಗೆ 94ಕ್ಕೆ ಏರಿ ಅಲ್ಲೇ ನಿಂತಿತು. ಆ ಇಪ್ಪತ್ತೆರಡು ದಿನಗಳಲ್ಲಿ ನನ್ನಿಂದ ಒಂದು ಉಪಯೋಗವಾಯಿತು ಎನಿಸಿದ್ದು ಆಗಲೇ.

ದುಡ್ಡಿನ ಬಗ್ಗೆ: ಬಿಪಿಎಲ್ ಕಾರ್ಡ್ ಇದ್ದು ಆಸ್ಪತ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿದ್ದರೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಅನುಮತಿ ಶಸ್ತ್ರಚಿಕಿತ್ಸೆಗೆ ಮುಂಚೆ ಬರಬೇಕು, ಹಾಗಾಗಿ ಇವತ್ತೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಹುಡುಕಿ. ಈ ಓಟವನ್ನು ಭಾವನಿಗೋ ತಮ್ಮನಿಗೋ ವಹಿಸಿ, ನೀವು ಮಗುವಿನ ಹತ್ತಿರ ಇರಿ.

ಇಷ್ಟು ಬೇಗ ಹುಟ್ಟಿದ ಮಗುವಿಗೆ ಎರಡು ಮೂರು ವಾರ ತುಂಬುವ ಹೊತ್ತಿಗೇ ಕಣ್ಣಿನ ಅಕ್ಷಿಪಟದ ತಪಾಸಣೆ ಆಗಬೇಕು. ಶಸ್ತ್ರಚಿಕಿತ್ಸೆಯ ಗಡಿಬಿಡಿಯಲ್ಲಿ ಮರೆಯಬೇಡಿ.

ನಮ್ಮದು ಐವತ್ತು ನಿಮಿಷದಲ್ಲಿ ಮುಗಿಯಿತು. ಆರನೆಯ ದಿನ ಗಂಟಲಿನ ನಳಿಕೆ ತೆಗೆದರು. ಮಗಳು ಬಾಯಿ ಅಗಲಿಸಿ, ಮುಖ ಕೆಂಪಗೆ ಮಾಡಿಕೊಂಡು ಅತ್ತಳು. ಸದ್ದೇ ಇಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಮುಚ್ಚುವ ಆ ರಕ್ತನಾಳವನ್ನು ಸುತ್ತಿಕೊಂಡೇ ದನಿಯ ನರ ಹೋಗುತ್ತದೆ, ಅದಕ್ಕೆ ಕೆಲವೊಮ್ಮೆ ಪೆಟ್ಟಾಗುತ್ತದೆ. ಇದನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ದೀಪ ಆರಿಸಿದರೆ ಅವಳು ಅಳುತ್ತಿದ್ದಾಳೆಂದೇ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಮಗುವಿನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ಮಲಗುತ್ತಿದ್ದಳು. ಐದನೆಯ ತಿಂಗಳಲ್ಲಿ ಒಂದು ರಾತ್ರಿ ಪಕ್ಕದ ಮನೆಯವರು ಬಾಗಿಲು ತಟ್ಟಿ, ಮಗು ಯಾಕೆ ಇಷ್ಟೊಂದು ಅಳುತ್ತಿದೆ ಎಂದು ಕೇಳಿದರು.