ವಾಘಾ ಕಂಡಿರಿ, ಅಮೃತಸರ ಉಳಿಯಿತು

ಕಳೆದ ಸಂಚಿಕೆಯ ಅಮೃತಸರ ಪ್ರವಾಸ ಲೇಖನವನ್ನು ಓದಿ, ಬ್ಯಾಂಕಿನಿಂದ ನಿವೃತ್ತರಾದ ಡೊಂಬಿವಲಿಯ ಹಿರಿಯ ಓದುಗರೊಬ್ಬರು ಎರಡು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಅವರನ್ನು ರಾಯರು ಎಂದಷ್ಟೇ ಕರೆಯುತ್ತೇನೆ. ಅವರ ಆಕ್ಷೇಪ ಇದು: “ನಿಮ್ಮ ಲೇಖಕರು ಬಟ್ಟೆಪೇಟೆಗೂ ಹಪ್ಪಳದ ಅಂಗಡಿಗೂ ಮೂರು ಪುಟ ಕೊಟ್ಟು, ವಾಘಾ ಪರೇಡಿಗೆ ಮೂರೇ ಸಾಲು ಕೊಟ್ಟಿದ್ದಾರೆ. ನಾನು ನಮ್ಮ ಸಂಘದವರೊಂದಿಗೆ ಹೋಗಿದ್ದಾಗ ಗಡಿಯಲ್ಲಿ ಮೈ ಜುಮ್ಮೆಂದಿತು. ಊರೊಳಗೆ ಮಾತ್ರ ಇಕ್ಕಟ್ಟು ಗಲ್ಲಿ, ಜೋತುಬಿದ್ದ ತಂತಿ. ಸ್ವರ್ಣಮಂದಿರ ಬಿಟ್ಟರೆ ಅಲ್ಲಿ ನೋಡುವುದೇನಿದೆ? ಗಡಿಯ ಊರೆಂದರೆ ಗಡಿಯೇ ಅಲ್ಲವೇ?”

ರಾಯರೇ, ಪರೇಡಿಗೆ ಮೂರು ಸಾಲು ಕಡಿಮೆಯಾಯಿತೆಂಬುದನ್ನು ಒಪ್ಪುತ್ತೇನೆ. 1959ರಿಂದ ನಡೆದುಬಂದಿರುವ ಆ ಧ್ವಜಾವರೋಹಣವನ್ನು ನಾನೂ ನೋಡಿದ್ದೇನೆ. ಬಿಸಿಲು ಚಳಿ ಎನ್ನದೆ ಅಲ್ಲಿ ನಿಲ್ಲುವ ಜವಾನರ ಶಿಸ್ತಿಗೆ ತಲೆಬಾಗುತ್ತೇನೆ. ಆದರೆ ನಿಮ್ಮ ಕೊನೆಯ ಪ್ರಶ್ನೆಯನ್ನು ಹಾಗೇ ಬಿಡಲು ಮನಸ್ಸು ಒಪ್ಪುವುದಿಲ್ಲ. ಮೊದಲಿಗೆ, ನೀವು ಕುಳಿತು ನೋಡಿದ ಜಾಗ ವಾಘಾ ಅಲ್ಲ, ಅಟಾರಿ. ವಾಘಾ ಎಂಬುದು ಗೆರೆಯ ಆಚೆಯ ಹಳ್ಳಿ. ಅಟಾರಿಯಾದರೋ ರಣಜಿತ್ ಸಿಂಗನ ಸೈನ್ಯದಲ್ಲಿ ಹೆಸರುಮಾಡಿ, 1846ರಲ್ಲಿ ಸೊಬ್ರಾಂವ್ ಕಾಳಗದಲ್ಲಿ ಬ್ರಿಟಿಷರ ವಿರುದ್ಧ ಹೋರಾಡುತ್ತ ಮಡಿದ ಶಾಮ್ ಸಿಂಗ್ ಅಟಾರಿವಾಲಾನ ಊರು. ಇಷ್ಟನ್ನು ನಿಮ್ಮ ಟೂರಿನವರು ಹೇಳಬೇಕಿತ್ತು.

ಅಮೃತಸರ ಗಡಿಯ ಊರಾಗಿ ಹುಟ್ಟಿದ್ದಲ್ಲ. ಗುರು ರಾಮದಾಸರು 1577ರಲ್ಲಿ ಕೆರೆ ತೋಡಿಸಿ ಊರು ಕಟ್ಟಿದಾಗ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಬೇರೆ ಬೇರೆ ಕಸುಬಿನವರನ್ನು ಕರೆಸಿ ನೆಲೆ ಕೊಟ್ಟದ್ದು. ಐವತ್ತೆರಡು ಕಸುಬುಗಳವರು ಬಂದರೆಂದು ಅಲ್ಲಿಯ ಪರಂಪರೆ ಹೇಳುತ್ತದೆ. ಗುರುದ್ವಾರ ಮತ್ತು ಬಜಾರು ಅಲ್ಲಿ ಒಂದೇ ಬೇರಿನ ಎರಡು ಕಾಂಡಗಳು. 1762ರಲ್ಲಿ ಅಹ್ಮದ್ ಶಾ ಅಬ್ದಾಲಿ ಹರ್‌ಮಂದಿರವನ್ನು, ಅಂದರೆ ನೀವು ನೋಡಿದ ಸ್ವರ್ಣಮಂದಿರವನ್ನು, ಸಿಡಿಮದ್ದಿಟ್ಟು ಉರುಳಿಸಿದ; ಸಿಖ್ಖರು ಮತ್ತೆ ಕಟ್ಟಿದರು. ಒಂದೊಂದು ಸರದಾರರ ಪಾಳೆಯ ಒಂದೊಂದು ಕಟ್ರಾ, ಅಂದರೆ ಬಜಾರಿನ ಕೇರಿ, ಕಟ್ಟಿಕೊಂಡು ವ್ಯಾಪಾರಿಗಳನ್ನು ಕರೆತಂದಿತು. ನಿಮಗೆ ಬೇಸರ ತರಿಸಿದ ಇಕ್ಕಟ್ಟು ಗಲ್ಲಿಗಳು ಆ ಕಟ್ರಾಗಳವೇ. 1833ರ ಬರಗಾಲದಲ್ಲಿ ಕಾಶ್ಮೀರದ ಶಾಲು ನೇಕಾರರು ಇಳಿದುಬಂದು ಅಲ್ಲಿ ಮಗ್ಗ ಹೂಡಿದರು. ಆ ಶಾಲುಗಳು ಪ್ಯಾರಿಸಿನವರೆಗೆ ಹೋಗುತ್ತಿದ್ದವು. 1870ರ ಯುದ್ಧದ ನಂತರ ಫ್ರಾನ್ಸಿನಲ್ಲಿ ಬೇಡಿಕೆ ಕುಸಿದಾಗ ಅಮೃತಸರದ ಕೈಗಳು ರತ್ನಗಂಬಳಿಯತ್ತ ಹೊರಳಿದವು. ಎಲ್ಲೋ ನಡೆದ ಯುದ್ಧದಿಂದ ತನ್ನ ಗಲ್ಲಿಯ ಮಗ್ಗ ನಿಂತುಹೋಗುವಷ್ಟು ದೂರದ ಲೋಕದೊಂದಿಗೆ ವ್ಯವಹಾರವಿದ್ದ ಊರದು. 1862ರಲ್ಲಿ ಲಾಹೋರಿಗೆ ರೈಲು ಬಂದ ಮೇಲಂತೂ, ಐವತ್ತು ಕಿಲೋಮೀಟರಿನ ಅಂತರದ ಎರಡೂ ನಗರಗಳು ನಮ್ಮ ಮುಂಬಯಿ ಮತ್ತು ಕಲ್ಯಾಣದಂತೆ ಒಂದನ್ನೊಂದು ನೆಚ್ಚಿ ಬದುಕಿದವು.

ಮುಂಬಯಿಯವರಾದ ನಮಗೆ ಇದು ಬೇಗ ಅರ್ಥವಾಗಬೇಕು. ಮುಂಬಯಿ ಸೆಂಟ್ರಲ್‌ನಿಂದ ನೀವು ಹತ್ತಿದ ಗೋಲ್ಡನ್ ಟೆಂಪಲ್ ಮೇಲ್ 1996ರವರೆಗೆ ಫ್ರಾಂಟಿಯರ್ ಮೇಲ್ ಆಗಿತ್ತು. 1928ರ ಸೆಪ್ಟೆಂಬರ್ 1ರಂದು ಅದು ಮೊದಲ ಬಾರಿಗೆ ಹೊರಟಾಗ ಅದರ ಕೊನೆಯ ನಿಲ್ದಾಣ ಪೇಶಾವರ. ಅಮೃತಸರ, ಲಾಹೋರ್, ರಾವಲ್ಪಿಂಡಿ ಎಲ್ಲವೂ ದಾರಿಯಲ್ಲಿ ಬರುವ ಊರುಗಳು. 1947ರ ನಂತರ ಅದು ಅಮೃತಸರದಲ್ಲಿ ನಿಂತಿತು. ರಾಯರೇ, ಊರು ಕದಲಲಿಲ್ಲ, ಹಳಿ ಕದಲಲಿಲ್ಲ. ನಡುದಾರಿಯ ಊರು ಒಂದೇ ವರ್ಷದಲ್ಲಿ ದಾರಿಯ ಕೊನೆಯಾಯಿತು. ಎರಡು ದೇಶಗಳ ಗಡಿ ಗುರುತಿಸಬೇಕಾಗಿದ್ದ ರ‍್ಯಾಡ್‌ಕ್ಲಿಫ್ ಭಾರತಕ್ಕೆ ಬಂದದ್ದು ಜುಲೈ 8ಕ್ಕೆ, ಅವರು ಎಳೆದ ಗೆರೆ ಪ್ರಕಟವಾದದ್ದು ಆಗಸ್ಟ್ 17ಕ್ಕೆ. ಅದರ ನಡುವೆ ಆಗಸ್ಟ್ 15ರ ಸಂಭ್ರಮವೂ ಮುಗಿದಿತ್ತು. ಮುನ್ನೂರೆಪ್ಪತ್ತು ವರ್ಷ ಬಾಳಿದ ಊರಿಗೆ ಗಡಿ ಎಂಬುದು ಹೀಗೆ ಬಂದು ಅಂಟಿಕೊಂಡದ್ದು. ಅದನ್ನೇ ಊರಿನ ಹೆಸರು ಎಂದುಕೊಂಡರೆ ಊರಿಗೆ ಅನ್ಯಾಯವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಕಟ್ರಾ ಅಹ್ಲುವಾಲಿಯಾದ ಬಟ್ಟೆಯಂಗಡಿಯೊಂದರಲ್ಲಿ ಮನೆಯವರಿಗೆ ಶಾಲು ಕೊಳ್ಳಲು ಕುಳಿತಿದ್ದೆ. ಬಿಳಿ ಹಾಸಿನ ಗದ್ದಿ, ಮೂಲೆಯಲ್ಲಿ ಮರದ ಗಲ್ಲಾಪೆಟ್ಟಿಗೆ. ಮಾತಿಗೆ ಮಾತು ಬೆಳೆದು, ನಾನು ಪತ್ರಿಕೆಯವನೆಂದು ತಿಳಿದ ಮೇಲೆ ಅಂಗಡಿಯ ಹಿರಿಯರು ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಕೆಳಗಿಳಿಸಿದರು. ಅವರ ಅಜ್ಜನದು. ಬರವಣಿಗೆ ಪಂಜಾಬಿನ ವ್ಯಾಪಾರಿಗಳ ಲಂಡೆ ಲಿಪಿಯಲ್ಲಿ. ಮನೆಯಲ್ಲಿ ಈಗ ಯಾರಿಗೂ ಅದನ್ನು ಓದಲು ಬರುವುದಿಲ್ಲ. ತಂದೆ ಹೇಳಿಕೊಟ್ಟಿದ್ದ ಕೆಲವು ಗುರುತುಗಳನ್ನಷ್ಟೇ ಅವರು ಬೆರಳಿಟ್ಟು ತೋರಿಸಿದರು: ಇದು ಲಾಹೋರ್, ಇದು ಸಿಯಾಲ್‌ಕೋಟ್, ಇದು ಕಾಬೂಲಿನ ಗಿರಾಕಿ. ಕೊನೆಯ ಕೆಲವು ಪುಟಗಳಲ್ಲಿ ಎಡಗಡೆ ಕೊಟ್ಟ ಮಾಲಿನ ಲೆಕ್ಕವಿತ್ತು, ಬಲಗಡೆ ಏನೂ ಇರಲಿಲ್ಲ. “ಬಾಕಿ ಎಂದು ಬರೆದಿಟ್ಟರು, ಹೊಡೆದುಹಾಕಲಿಲ್ಲ,” ಎಂದರು. ಬ್ಯಾಂಕಿನಲ್ಲಿ ಜೀವಮಾನವಿಡೀ ಲೆಡ್ಜರು ತಿರುವಿದ ನಿಮಗೆ ಆ ಖಾಲಿ ಬಲಬದಿ ಏನು ಹೇಳುತ್ತದೆಂದು ನಾನು ವಿವರಿಸಬೇಕಾಗಿಲ್ಲ. ಆ ಅಂಗಡಿ ನೀವಿಳಿದ ಹೋಟೆಲಿನಿಂದ ನಡೆದುಹೋಗುವಷ್ಟೇ ದೂರವೆಂದು ನಿಮ್ಮ ಪತ್ರದಲ್ಲಿರುವ ವಿಳಾಸದಿಂದ ತಿಳಿಯುತ್ತದೆ.

ವಿಭಜನೆಗೆ ಮುಂಚೆ ಅಮೃತಸರದ ಜನರಲ್ಲಿ ಅರ್ಧದ ಸಮೀಪ ಮುಸಲ್ಮಾನರು. ನೇಕಾರರು, ಗಂಬಳಿ ಹೆಣೆಯುವವರು ಬಹುಪಾಲು ಅವರೇ. ಅವರು ಆಚೆ ಹೋದರು, ಆಚೆಯಿಂದ ಮನೆಮಠ ಕಳೆದುಕೊಂಡವರು ಈಚೆ ಬಂದರು. ಹಳೆಯ ಊರಿನ ಎಷ್ಟೋ ಭಾಗ ಆ ವರ್ಷದ ಗಲಭೆಯಲ್ಲಿ ಸುಟ್ಟುಹೋಯಿತು. ಗಡಿಗೆ ಮೂವತ್ತೇ ಕಿಲೋಮೀಟರಿನಲ್ಲಿ ಬಂಡವಾಳ ಹೂಡಲು ಉದ್ಯಮಿಗಳು ಹಿಂಜರಿದದ್ದರಿಂದ ಕಾರ್ಖಾನೆಗಳು ಲೂಧಿಯಾನಾದತ್ತ ಸರಿದವು. 1965ರ ಯುದ್ಧದಲ್ಲಿ ಛೇಹರ್ಟಾದ ಮೇಲೆ ಬಾಂಬು ಬಿತ್ತು. ಆರು ರಾಟೆಗಳ ಬಾವಿಯಿಂದ ಆ ಬಡಾವಣೆಗೆ ಹೆಸರು ಬಂದದ್ದು, ನೀರೆತ್ತುವ ಆ ಬಾವಿಯನ್ನು ತೋಡಿಸಿದವರು ಗುರು ಅರ್ಜನರು. ಸ್ವರ್ಣಮಂದಿರದೊಳಗೆ ಸೈನ್ಯ ನುಗ್ಗಿದ 1984ರ ಜೂನ್ ತಿಂಗಳನ್ನು ನಾನು ಇಲ್ಲಿ ನೆನೆಯುವುದಷ್ಟೇ ಸಾಕು.

ಅಷ್ಟಾದರೂ ಊರು ಕದ ಹಾಕಿ ಕುಳಿತುಕೊಳ್ಳಲಿಲ್ಲ. 1976ರಲ್ಲಿ ಎರಡೂ ದೇಶಗಳ ನಡುವೆ ಓಡುವ ಸಮ್‌ಝೌತಾ ಎಕ್ಸ್‌ಪ್ರೆಸ್ ರೈಲು ಶುರುವಾಯಿತು. ಅಟಾರಿಯ ಚೆಕ್‌ಪೋಸ್ಟಿನಲ್ಲಿ ಈಚೆಯಿಂದ ಟೊಮೆಟೊ, ಆಚೆಯಿಂದ ಒಣ ಖರ್ಜೂರ, ಜಿಪ್ಸಮ್, ಕಲ್ಲುಪ್ಪು, ಅಫಘಾನಿಸ್ತಾನದ ಒಣಹಣ್ಣು ಲಾರಿ ಲಾರಿಗಳಲ್ಲಿ ದಾಟಿದವು. 2019ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಸರಕಿನ ಮೇಲೆ ಶೇಕಡಾ 200 ಸುಂಕ ಬಿತ್ತು, ಆಗಸ್ಟಿನಲ್ಲಿ ರೈಲು ನಿಂತಿತು, 2025ರ ಏಪ್ರಿಲ್‌ನಲ್ಲಿ ಚೆಕ್‌ಪೋಸ್ಟೇ ಮುಚ್ಚಿತು. ಸುಂಕ ಹಾಕಿದ್ದು, ಬಾಗಿಲು ಮುಚ್ಚಿದ್ದು ಸರಿಯೇ ತಪ್ಪೇ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಪುಲ್ವಾಮಾ, ಪಹಲ್ಗಾಮ್‌ನಂಥ ಹತ್ಯಾಕಾಂಡಗಳ ನಂತರ ಸರಕಾರವೊಂದು ಕೈಕಟ್ಟಿ ಕೂರಲಾರದು. ಆದರೆ ಬೆಲೆ ತೆತ್ತವರು ಯಾರೆಂಬುದನ್ನು ಪತ್ರಿಕೆಗಳು ಬರೆಯಬೇಕಿತ್ತು. ಮೂಟೆ ಹೊತ್ತು ಸಂಸಾರ ಸಾಗಿಸುತ್ತಿದ್ದ ಸುತ್ತಲ ಹಳ್ಳಿಗಳ ಕೂಲಿಗಳು, ಹೆದ್ದಾರಿಯ ಢಾಬಾಗಳು, ಲಾರಿ ಮಾಲೀಕರು. ಮುಳ್ಳುಬೇಲಿಯ ಆಚೆ ಭಾರತದ್ದೇ ನೆಲದಲ್ಲಿ ಹೊಲವಿದ್ದು, ಗುರುತಿನ ಚೀಟಿ ತೋರಿಸಿ ಗೇಟು ತೆರೆದ ಹೊತ್ತಿಗೆ ಒಳಹೋಗಿ, ಮುಚ್ಚುವ ಹೊತ್ತಿಗೆ ಹೊರಬರಬೇಕಾದ ರೈತರೂ ಇದ್ದಾರೆ. ಎತ್ತರಕ್ಕೆ ಬೆಳೆಯುವ ಪೈರನ್ನು ಅವರು ಅಲ್ಲಿ ಹಾಕುವಂತಿಲ್ಲ. ಪರೇಡು ನೋಡುವ ಗ್ಯಾಲರಿಯಿಂದ ಇವರು ಕಾಣುವುದಿಲ್ಲ.

ನನ್ನ ದೂರು ನಿಮ್ಮೊಬ್ಬರ ಮೇಲಲ್ಲ ರಾಯರೇ. ನಮ್ಮ ಕನ್ನಡ ಸಂಘಗಳ ಪ್ರವಾಸಗಳೆಲ್ಲ ಹೀಗೇ ಆಗಿವೆ: ಎರಡು ರಾತ್ರಿ, ಒಂದು ಗುಡಿ, ಒಂದು ಪರೇಡು, ಫೋಟೋ. ಊರೆಂದರೆ ಅಲ್ಲಿ ನಡೆದ ಕಾಳಗ ಮತ್ತು ಅಲ್ಲಿರುವ ಗೋಪುರ ಎಂದು ನಮಗೆ ಶಾಲೆಯಲ್ಲಿ ಕಲಿಸಿಬಿಟ್ಟಿದ್ದಾರೆ. ಅದೇ ಕಣ್ಣಿನಿಂದ ನಮ್ಮ ಮುಂಬಯಿಯನ್ನು ನೋಡಿದರೆ ಗೇಟ್‌ವೇ ಆಫ್ ಇಂಡಿಯಾ ಮಾತ್ರ ಉಳಿಯುತ್ತದೆ; ಫೋರ್ಟಿನ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ನಮ್ಮ ಹುಡುಗರು ಆ ಚಿತ್ರದಲ್ಲಿ ಇರುವುದಿಲ್ಲ. ನಿಮ್ಮ ತಂದೆಯವರೂ ಹಾಗೆ ಓದಿದವರೆಂದು ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ಎರಡು ಪುಟಗಳ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ ಸಾಲು ಅದು. ಅದನ್ನು ಸಾಲಿನಿಂದ ಲೇಖನಕ್ಕೆ ಬೆಳೆಸಿ ಕಳುಹಿಸಿ. ಪುಟದ ಮಿತಿ ಹಾಕುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಆ ಲೇಖಕರ ಎರಡನೆಯ ಕಂತು ಬರುತ್ತದೆ. ಅಮೃತಸರದ ಸಮೀಪದ ಜಂಡಿಯಾಲಾ ಗುರುವಿನ ಠಠೇರರ ಕುರಿತು, ಅಂದರೆ ನಮ್ಮ ಕಡೆಯ ಬೋಗಾರರಂಥವರ ಕುರಿತು. 2014ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿದ ಕಸುಬದು. ಲೋಹದ ಬಿಲ್ಲೆಯನ್ನು ತಗಡಾಗಿ ತೆಳುಮಾಡಿ, ಕಟ್ಟಿಗೆಯ ಒಲೆಗೆ ತಿದಿಯೂದಿ ಹದವಾಗಿ ಕಾಯಿಸಿ, ಸುತ್ತಿಗೆಯಿಂದ ಬಡಿದು ಬಡಿದು ಕೊಡ, ತಟ್ಟೆ, ಹಂಡೆಗಳ ಆಕಾರಕ್ಕೆ ತರುತ್ತಾರೆ. ಕಡೆಗೆ ಮರಳು ಮತ್ತು ಹುಣಸೆಯ ರಸ ಹಚ್ಚಿ ಕೈಯಲ್ಲೇ ಬೆಳಗುತ್ತಾರೆ, ನಮ್ಮ ಅಮ್ಮಂದಿರು ಹಬ್ಬದ ಹಿಂದಿನ ದಿನ ತಂಬಿಗೆ ಬೆಳಗುತ್ತಿದ್ದಂತೆ. ಅದಕ್ಕೆ ನಾಲ್ಕು ಪುಟ ತೆಗೆದಿರಿಸಿದ್ದೇನೆ. ಪರೇಡಿಗೆ ಅದರಲ್ಲಿಯೂ ಜಾಗವಿಲ್ಲ, ಕ್ಷಮಿಸಿ.

— ಸಂಪಾದಕ