ವಯಸ್ಸು 52, ರೋಗನಿರೋಧಕ ವ್ಯವಸ್ಥೆಗೆ ಆಗಲೇ ಮುಪ್ಪೇ?

ಪ್ರಶ್ನೆ: ನನಗೆ 52 ವರ್ಷ. ಒಂಬತ್ತು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ (ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ). ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನವೂ 5 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ತಿಂಗಳು ನೀರು ತುಂಬಿದ ಬಿಂದಿಗೆ ಎತ್ತುವಾಗ ಬೆನ್ನು ಹಿಡಿದುಕೊಂಡಿತು. ಎಕ್ಸ್‌ರೇಯಲ್ಲಿ ಬೆನ್ನೆಲುಬಿನ ಒಂದು ಮೂಳೆ ಕುಸಿದಿರುವುದು ಕಂಡಿತು. ರೋಗನಿರೋಧಕ ವ್ಯವಸ್ಥೆಗೆ ಬೇಗ ವಯಸ್ಸಾಗಿರುವುದೂ ಇದಕ್ಕೆ ಒಂದು ಕಾರಣ ಎಂದು ವೈದ್ಯರು ಹೇಳಿದರು. ಅದಕ್ಕೂ ಮೂಳೆಗೂ ಏನು ಸಂಬಂಧ? ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯ ಕುಡಿದರೆ ಸರಿಹೋಗುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ವೈದ್ಯರು ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಆ ಮಾತನ್ನು ನೀವು ‘ಶಕ್ತಿ ಕುಂದಿದೆ’ ಎಂದಷ್ಟೇ ಅರ್ಥ ಮಾಡಿಕೊಂಡಂತೆ ಕಾಣುತ್ತದೆ. ರೋಗನಿರೋಧಕ ವ್ಯವಸ್ಥೆಗೆ ಮುಪ್ಪು ಬಂದಾಗ ಹೊಸ ಸೋಂಕನ್ನು ಎದುರಿಸುವ ಸಾಮರ್ಥ್ಯ ತಗ್ಗುತ್ತದೆ ನಿಜ, ಜೊತೆಗೆ ಕಾರಣವಿಲ್ಲದೆ ಉರಿಯೂತ ಹುಟ್ಟಿಸುವ ಚಾಳಿ ಹೆಚ್ಚುತ್ತದೆ. ನಿಮ್ಮ ಮೂಳೆಗೆ ಕುತ್ತಾಗಿರುವುದು ಈ ಎರಡನೆಯದು.

ಎದೆಗೂಡಿನೊಳಗೆ, ಹೃದಯಕ್ಕೆ ತುಸು ಮೇಲೆ ಥೈಮಸ್ ಎಂಬ ಗ್ರಂಥಿಯಿದೆ. ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಪಳಗಿ ಹೊರಬರುವುದು ಅಲ್ಲಿಂದ. ಪ್ರಾಯಕ್ಕೆ ಬಂದ ಮೇಲೆ ಈ ಗ್ರಂಥಿ ಎಲ್ಲರಲ್ಲೂ ಕುಗ್ಗುತ್ತ ಹೋಗುತ್ತದೆ. ರುಮಟಾಯ್ಡ್ ಸಂಧಿವಾತದ ರೋಗಿಗಳಲ್ಲಿ ಹೊಸ ಟಿ ಕೋಶಗಳ ಪ್ರಮಾಣ ಅವರ ವಯಸ್ಸಿಗೆ ಹೋಲಿಸಿದರೆ ಬಹಳ ಮೊದಲೇ ಇಳಿದಿರುತ್ತದೆ ಮತ್ತು ಆ ಕೋಶಗಳ ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಎಂಬ ಭಾಗ ಅಕಾಲದಲ್ಲಿ ಗಿಡ್ಡವಾಗಿರುತ್ತದೆ ಎಂಬುದನ್ನು ಕಾರ್ನೆಲಿಯಾ ವೇಯಾಂಡ್ ಮತ್ತು ಯೋರ್ಗ್ ಗೊರೋನ್ಜಿ ಅವರ ತಂಡ 2000ರಲ್ಲಿ ಪ್ರಕಟಿಸಿತು. ಹೊಸಬರು ಬಾರದಿದ್ದಾಗ ಇರುವ ಹಳೆಯ ಕೋಶಗಳೇ ಮತ್ತೆ ಮತ್ತೆ ವಿಭಜನೆಗೊಂಡು ಜಾಗ ತುಂಬುತ್ತವೆ. ಹಾಗೆ ಸವೆದ ಕೆಲವು ಕೋಶಗಳು ತಮ್ಮ ಮೇಲ್ಮೈಯಲ್ಲಿರುವ ಸಿಡಿ28 ಎಂಬ ಪ್ರೋಟೀನನ್ನು ಕಳೆದುಕೊಳ್ಳುತ್ತವೆ. ಇವು ಸುಲಭವಾಗಿ ಸಾಯುವುದಿಲ್ಲ, ಸುಮ್ಮನೆಯೂ ಇರುವುದಿಲ್ಲ. ಟಿಎನ್‌ಎಫ್ ಮುಂತಾದ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತಲೇ ಇರುತ್ತವೆ.

ಇನ್ನು ಮೂಳೆಯ ವಿಚಾರ. ಮೂಳೆ ಸದಾ ಕರಗಿ ಮತ್ತೆ ಕಟ್ಟಿಕೊಳ್ಳುವ ಜೀವಂತ ಅಂಗ. ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳು ರಕ್ತದ ಕಣಗಳ ಬಳಗದಿಂದಲೇ ಹುಟ್ಟುತ್ತವೆ, ಅವು ಬಲಿಯಲು ರ‍್ಯಾಂಕ್‌ಎಲ್ ಎಂಬ ಸಂಕೇತ ಬೇಕು. ಮುಪ್ಪಾದ ಟಿ ಕೋಶಗಳು ಈ ಸಂಕೇತವನ್ನು ಹೆಚ್ಚಾಗಿ ಹೊತ್ತಿರುತ್ತವೆ. ಟಿಎನ್‌ಎಫ್ ಇನ್ನೊಂದು ಕಡೆಯಿಂದ ಮೂಳೆ ಕಟ್ಟುವ ಕೋಶಗಳ ಕೈ ಕಟ್ಟಿಹಾಕುತ್ತದೆ. ಹೀಗಾಗಿ ಕರಗುವುದು ಹೆಚ್ಚಿ, ಕಟ್ಟುವುದು ನಿಧಾನವಾಗುತ್ತದೆ. ನಿಮ್ಮ ಕೈಗಳ ಎಕ್ಸ್‌ರೇ ಇದ್ದರೆ ಬೆಳಕಿಗೆ ಹಿಡಿದು ನೋಡಿ. ಬೆರಳ ಬುಡದ ಗೆಣ್ಣುಗಳ ಬಳಿ ಮೂಳೆಯ ಬಿಳುಪು ಮಾಸಿರಬಹುದು, ಅಂಚಿನಲ್ಲಿ ಇಲಿ ಕಚ್ಚಿದಂಥ ಸಣ್ಣ ತಗ್ಗುಗಳಿರಬಹುದು. ಬೆನ್ನೆಲುಬಿನಲ್ಲಿ ಆಗಿರುವುದು ಬಹುಮಟ್ಟಿಗೆ ಅದೇ ಪ್ರಕ್ರಿಯೆಯ ದೊಡ್ಡ ರೂಪ. ಅದಕ್ಕೆ ಮೂಳೆಯನ್ನು ತೆಳುವಾಗಿಸುವ ಪ್ರೆಡ್ನಿಸೊಲೋನ್ ಸೇರಿದೆ, ಮುಟ್ಟು ನಿಂತಿದ್ದರೆ ಈಸ್ಟ್ರೋಜನ್ ಕೊರತೆಯೂ ಸೇರಿದೆ.

ಆದ್ದರಿಂದ ಕಷಾಯದ ಬಗ್ಗೆ ನನ್ನ ಸ್ಪಷ್ಟವಾದ ಉತ್ತರ: ಬೇಡ. ಈಗಾಗಲೇ ಕೆರಳಿರುವ ವ್ಯವಸ್ಥೆಯನ್ನು ಇನ್ನಷ್ಟು ಉದ್ದೀಪಿಸುವುದರಿಂದ ನಿಮಗೆ ಲಾಭವಿಲ್ಲ. ಏನೇನು ಬೆರೆತಿದೆಯೆಂದು ತಿಳಿಯದ ಪುಡಿಗಳು ಮೆಥೊಟ್ರೆಕ್ಸೇಟ್ ಜೊತೆ ಸೇರಿ ಯಕೃತ್ತಿಗೆ ಹಾನಿ ಮಾಡುವ ಭಯವೂ ಇದೆ. ಸೋಂಕಿನ ಚಿಂತೆಯಿದ್ದರೆ ಫ್ಲೂ ಮತ್ತು ನ್ಯುಮೊಕಾಕಲ್ ಲಸಿಕೆಗಳ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ಬಿಂದಿಗೆ ಎತ್ತಿದ್ದಕ್ಕೇ ಕಶೇರು (ಬೆನ್ನೆಲುಬಿನ ಮೂಳೆ) ಕುಸಿದಿದೆಯೆಂದರೆ, ಬೇರೆ ಕಾರಣ ಇಲ್ಲವೆಂದು ಖಚಿತವಾದ ಮೇಲೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನ ಅಂಕಿ ಏನೇ ಇರಲಿ, ಅದನ್ನು ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಎಂದೇ ಪರಿಗಣಿಸಿ ಚಿಕಿತ್ಸೆ ಕೊಡಬೇಕು. ನಮ್ಮಲ್ಲಿ ಬೆನ್ನೆಲುಬಿನ ಕ್ಷಯ ಇನ್ನೂ ಇರುವುದರಿಂದ ಅದನ್ನೂ, ಮೂಳೆಮಜ್ಜೆಯ ಕಾಯಿಲೆಗಳನ್ನೂ ಮೊದಲು ತಳ್ಳಿಹಾಕಬೇಕಾಗುತ್ತದೆ. ರಕ್ತದಲ್ಲಿನ ಕ್ಯಾಲ್ಸಿಯಂ, ವಿಟಮಿನ್ ಡಿ, ಕ್ರಿಯಾಟಿನಿನ್ ಪರೀಕ್ಷೆಗಳೂ ಬೇಕು. ರಾಗಿ ಒಳ್ಳೆಯದೇ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ. ಆದರೆ ಮೂಳೆ ಕರಗಿಸುವ ಸಂಕೇತವನ್ನು ಮುದ್ದೆ ತಡೆಯಲಾರದು.

ಅದನ್ನು ತಡೆಯಲು ಔಷಧಗಳಿವೆ. ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಆದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ ಇರಬೇಕು. ಕಾಫಿಯೂ ಆಮೇಲೆಯೇ. ಡೆನೊಸುಮ್ಯಾಬ್ ಎಂಬ ಆರು ತಿಂಗಳಿಗೊಮ್ಮೆಯ ಚುಚ್ಚುಮದ್ದು ನೇರವಾಗಿ ರ‍್ಯಾಂಕ್‌ಎಲ್ ಅನ್ನೇ ಅಡಗಿಸುತ್ತದೆ. ಆದರೆ ಅದನ್ನು ನಡುವೆ ತಪ್ಪಿಸಿದರೆ ಮೂಳೆ ಮೊದಲಿಗಿಂತ ವೇಗವಾಗಿ ಕರಗಿ, ಒಂದಲ್ಲ ಹಲವು ಕಶೇರುಗಳು ಕುಸಿಯಬಹುದು. ತಪ್ಪದೆ ಹೋಗಿಬರಲು ಸಾಧ್ಯವೇ ಎಂದು ಆರಂಭಕ್ಕೆ ಮೊದಲೇ ಮನೆಯವರೊಂದಿಗೆ ಮಾತಾಡಿ. ಯಾವುದೇ ಔಷಧ ಶುರುಮಾಡುವ ಮುನ್ನ ಹಲ್ಲುಗಳ ತಪಾಸಣೆಯೂ ಆಗಲಿ.

ಇವೆಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುವುದು ಸಂಧಿವಾತದ ಹತೋಟಿಯನ್ನು. ಬೆಳಿಗ್ಗೆ ಗಂಟೆಗಟ್ಟಲೆ ಕೈ ಬಿಗಿಯುತ್ತದೆಯೇ, ಉಂಗುರ ಬಿಗಿಯಾಗುವಷ್ಟು ಬೆರಳು ಊದುತ್ತದೆಯೇ ಎಂಬುದನ್ನು ವೈದ್ಯರಿಗೆ ಮರೆಮಾಚದೆ ಹೇಳಿ, ನೋವು ಸಹಿಸಿಕೊಂಡು ‘ಪರವಾಗಿಲ್ಲ’ ಎನ್ನಬೇಡಿ. ಉರಿಯೂತ ತಗ್ಗಿಸುವ ಮೂಲ ಔಷಧವನ್ನು ಬಲಪಡಿಸಿದರೆ ಪ್ರೆಡ್ನಿಸೊಲೋನ್ ಪ್ರಮಾಣವನ್ನು ಹಂತ ಹಂತವಾಗಿ ಇಳಿಸಲು ದಾರಿಯಾಗುತ್ತದೆ. ಮೂಳೆಗೆ ಹೆದರಿ ಪ್ರೆಡ್ನಿಸೊಲೋನ್ ಅನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ; ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಹಾಗೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ ತರಬಹುದು.