ನಿಂತಲ್ಲೇ ಇಳಿಯುವ ಬೈಕ್ ಬ್ಯಾಟರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಬೈಕ್ ಶಿರಸಿ ಹತ್ತಿರದ ನಮ್ಮ ಊರಿನಲ್ಲಿದೆ. 2021ರ ಮಾಡೆಲ್, 350 ಸಿಸಿ, ಕಿಕ್ಕರ್ ಇಲ್ಲ. ಮಳೆಗಾಲ ಪೂರ್ತಿ ಕೊಟ್ಟಿಗೆ ಪಕ್ಕ ನಿಂತಿರುತ್ತದೆ. ಬ್ಯಾಟರಿ ಇಳಿಯಬಾರದು ಅಂತ ಅಪ್ಪ ಪ್ರತಿ ಭಾನುವಾರ ತಪ್ಪದೆ ಸ್ಟಾರ್ಟ್ ಮಾಡಿ, ಐದು ನಿಮಿಷ ನಿಂತಲ್ಲೇ ಬಿಟ್ಟು ಆಫ್ ಮಾಡುತ್ತಾರೆ. ಆದರೂ ಆಯುಧಪೂಜೆಗೆ ಊರಿಗೆ ಹೋಗಿ, ತೊಳೆದು ಹೂ ಹಾಕಿ ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್. ಇದು ಎರಡನೇ ಬ್ಯಾಟರಿ. ವೈರಿಂಗ್‌ನಲ್ಲಿ ಏನಾದರೂ ದೋಷ ಇದೆಯಾ?
(ಐಟಿ ಉದ್ಯೋಗಿ, ಬೆಂಗಳೂರು)

ಉತ್ತರ: ವೈರಿಂಗ್ ಮೇಲೆ ಆಮೇಲೆ ಅನುಮಾನ ಪಡೋಣ. ನನಗೆ ಮೊದಲು ಅನುಮಾನ ಬಂದಿದ್ದು ಆ ಭಾನುವಾರದ ಮೇಲೆ. ಅಪ್ಪನಿಗೆ ಬೇಜಾರಾಗದ ಹಾಗೆ ಹೇಳಿ, ಆದರೆ ಹೇಳಿ.

ಸೆಲ್ಫ್ ಒತ್ತಿದಾಗ ಮೋಟಾರು ಒಂದೇ ಏಟಿಗೆ ಹತ್ತಾರು ಆಂಪಿಯರ್ ಎಳೆಯುತ್ತದೆ. ಅಷ್ಟನ್ನು ಬ್ಯಾಟರಿಗೆ ವಾಪಸ್ ತುಂಬಬೇಕು, ಅಲ್ವಾ? ಆದರೆ ನಿಂತಲ್ಲೇ ಎಂಜಿನ್ ಓಡಿಸುವ ಐಡ್ಲಿಂಗ್‌ನಲ್ಲಿ ಚಾರ್ಜಿಂಗ್ ತುಂಬಾ ಸಣ್ಣದು, ಅದರ ಮೇಲೆ ಏಪ್ರಿಲ್ 2017ರಿಂದ ಬಂದ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ಎಂಜಿನ್ ಓಡುವಷ್ಟು ಹೊತ್ತೂ ಅದು ಉರಿಯುತ್ತಲೇ ಇರುತ್ತದೆ, ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿಗೂ ಕರೆಂಟ್ ಬೇಕು. ಹೀಗಾಗಿ ಒಂದೊಂದು ಭಾನುವಾರವೂ ಕೊಟ್ಟಿದ್ದಕ್ಕಿಂತ ತೆಗೆದಿದ್ದೇ ಜಾಸ್ತಿ ಆಗಿರುವ ಸಾಧ್ಯತೆ ಇದೆ. ಇನ್ನೊಂದು ನಷ್ಟವೂ ಇದೆ. ಐದು ನಿಮಿಷದಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಸೈಲೆನ್ಸರ್ ಒಳಗೆ ಕಟ್ಟಿದ ನೀರು ಆರದೆ ಅಲ್ಲೇ ಉಳಿಯುತ್ತದೆ. ಶಿರಸಿಯ ಮಳೆಗೆ ಹೊರಗಿಂದ ಹಿಡಿಯುವ ತುಕ್ಕೇ ಸಾಕು, ಒಳಗಿಂದಲೂ ಯಾಕೆ?

ಇನ್ನು ವಾರದ ಉಳಿದ ದಿನಗಳು. ಕೀ ತೆಗೆದ ಮೇಲೂ ಮೀಟರಿನ ಗಡಿಯಾರ, ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಇವೆಲ್ಲ ಹನಿ ಹನಿ ಕರೆಂಟ್ ಕುಡಿಯುತ್ತಲೇ ಇರುತ್ತವೆ. ಬರೀ 2 ಮಿಲಿಆಂಪಿಯರ್ ಅಂದುಕೊಳ್ಳಿ. ತಿಂಗಳಿಗೆ ಸುಮಾರು 1.4 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಕರೆಂಟ್ ಹಿಡಿದಿಡುತ್ತದೆ ಅಂತ ಅಳೆಯುವ ಲೆಕ್ಕ) ಆಯಿತು. ಬ್ಯಾಟರಿ 8 ಆಂಪಿಯರ್-ಅವರಿನದಾದರೆ ಜೂನ್‌ನಿಂದ ನಾಲ್ಕು ತಿಂಗಳಲ್ಲಿ ಮುಕ್ಕಾಲು ಭಾಗ ಹತ್ತಿರ ಖಾಲಿ. ಹೊರಗಿಂದ ಜಿಪಿಎಸ್ ಟ್ರ್ಯಾಕರ್, ಅಲಾರಂ ಏನಾದರೂ ಹಾಕಿಸಿದ್ದರೆ ನಾಲ್ಕು ತಿಂಗಳು ಕಾಯುವುದೂ ಬೇಡ.

ಖಾಲಿಯಾದರೆ ಮತ್ತೆ ಚಾರ್ಜ್ ಮಾಡಿದರಾಯಿತು ಅನ್ನುವ ಹಾಗಿಲ್ಲ, ತೊಂದರೆ ಇರುವುದೇ ಇಲ್ಲಿ. ಬ್ಯಾಟರಿ ಇಳಿದಾಗ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ, ಆಮೇಲೆ ಯಾವ ಚಾರ್ಜರಿಗೂ ಪೂರ್ತಿ ಕರಗುವುದಿಲ್ಲ. ನಿಮ್ಮ ಮೊದಲ ಬ್ಯಾಟರಿ ಹೀಗೇ ಹೋಗಿರಬೇಕು.

ಉಪಾಯಕ್ಕೆ ದುಡ್ಡೇ ಬೇಡ. ಮಳೆ ಹಿಡಿಯುವ ಮೊದಲು ಒಮ್ಮೆ ಫುಲ್ ಚಾರ್ಜ್ ಮಾಡಿಸಿ, ಮೈನಸ್ ವೈರ್ ಬಿಚ್ಚಿ, ಅದರ ತುದಿಗೆ ಟೇಪ್ ಸುತ್ತಿಬಿಡಿ. ಅಷ್ಟೇ. ಗಡಿಯಾರ ತಪ್ಪು ತೋರಿಸುತ್ತದೆ, ಓಡಿದ ಕಿಲೋಮೀಟರ್ ಎಲ್ಲೂ ಹೋಗುವುದಿಲ್ಲ. ಬಿಚ್ಚಿಟ್ಟರೂ ಬ್ಯಾಟರಿ ತಾನಾಗಿ ತಿಂಗಳಿಗೆ ಶೇ. 3ರಿಂದ 5ರಷ್ಟು ಇಳಿಯುತ್ತದೆ, ಸೆಕೆ ಜಾಸ್ತಿ ಇದ್ದರೆ ಇನ್ನೂ ಬೇಗ. ಅದಕ್ಕೇ ಎರಡು ತಿಂಗಳಿಗೊಮ್ಮೆ ಚಾರ್ಜ್ ಮಾಡಿದರೆ ಒಳ್ಳೆಯದು. ಇಲ್ಲವೇ ಅಪ್ಪನಿಗೆ ಸ್ಟಾರ್ಟ್ ಮಾಡಲೇಬೇಕು ಅನ್ನಿಸಿದರೆ ಮಳೆ ಬಿಟ್ಟ ದಿನ ಪೇಟೆಗೇ ಹೋಗಿಬರಲಿ. ಅರ್ಧ ಗಂಟೆ ರೋಡಿನ ಮೇಲೆ ಓಡಿದರೆ ಲೆಕ್ಕ ಬೇರೆ.

ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ. ಇದನ್ನು ನಾನು ಕಲಿತ ರೀತಿ ಹೇಳುತ್ತೇನೆ. ಸುಮ್ನೆ ಕೈಗೆ ಸಿಕ್ಕಿತು ಅಂತ ಪ್ಲಸ್ ನಟ್ಟಿಗೆ 10 ನಂಬರ್ ಸ್ಪ್ಯಾನರ್ ಹಾಕಿ ತಿರುಗಿಸಿದೆ, ಅದರ ಬಾಲ ಹೋಗಿ ಚಾಸಿಗೆ ತಾಗಿತು. ಬೈಕಿನ ಚಾಸಿ ಪೂರ್ತಿ ಮೈನಸ್ಸೇ ತಾನೇ, ಫಟ್ ಅಂತ ಕಿಡಿ ಹಾರಿ ಸ್ಪ್ಯಾನರಿನ ಅಂಚು ಇಲಿ ಕಡಿದ ಹಾಗೆ ಆಯಿತು. ಆ ಸ್ಪ್ಯಾನರ್ ಈಗಲೂ ಡಬ್ಬಿಯಲ್ಲಿದೆ. ಮೈನಸ್ ಮೊದಲೇ ಬಿಚ್ಚಿದ್ದರೆ ಸ್ಪ್ಯಾನರ್ ಎಲ್ಲಿ ತಾಗಿದರೂ ಏನೂ ಆಗುತ್ತಿರಲಿಲ್ಲ.

ವೈರಿಂಗ್ ಅನುಮಾನ ಆಗಲೂ ಹೋಗದಿದ್ದರೆ ಕೀ ಆಫ್ ಮಾಡಿ, ಬಿಚ್ಚಿದ ಮೈನಸ್ ವೈರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮಲ್ಟಿಮೀಟರನ್ನು ಕರೆಂಟ್ ಅಳೆಯುವ ಕಡೆ ಇಟ್ಟು ಜೋಡಿಸಿ. ಒಂದೆರಡು ಮಿಲಿಆಂಪಿಯರ್ ಬಂದರೆ ಚಿಂತೆ ಬೇಡ. ಹತ್ತಾರು ಬಂದರೆ ಎಲ್ಲೋ ಸೋರುತ್ತಿದೆ. ಮೀಟರ್ ಹಾಗೆ ಜೋಡಿಸಿಟ್ಟು ಸೆಲ್ಫ್ ಮಾತ್ರ ಒತ್ತಬೇಡಿ, ಅದರ ಫ್ಯೂಸ್ ಹಾರುತ್ತದೆ.

ಪ್ರಶ್ನೆ: ಮಲ್ಟಿಮೀಟರಿನಲ್ಲಿ 12.5 ವೋಲ್ಟ್ ತೋರಿಸುತ್ತದೆ, ಬೈಕ್ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಹಾಕಿ ಎಂಟು ತಿಂಗಳಾಗಿದೆ. ವೋಲ್ಟ್ ಸರಿ ಇದೆ ಅಂತ ಅಂಗಡಿಯವರು ವಾರಂಟಿ ಕೊಡುತ್ತಿಲ್ಲ.
(ಓದುಗರು, ದಾವಣಗೆರೆ)

ಉತ್ತರ: ಸುಮ್ಮನೆ ಕೂತ ಬ್ಯಾಟರಿಯ ವೋಲ್ಟ್ ಅರ್ಧ ಕಥೆ ಮಾತ್ರ. ಫುಲ್ ಇದ್ದರೆ 12.6ರಿಂದ 12.8, 12.4ಕ್ಕೆ ಬಂದರೆ ಚಾರ್ಜ್ ಮಾಡಬೇಕು, 12ಕ್ಕೆ ಇಳಿದರೆ ಹೆಚ್ಚುಕಡಿಮೆ ಖಾಲಿ ಅನ್ನಿ. ನಿಮ್ಮದು 12.5 ಇದೆ, ಸರಿ. ಈಗ ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಪ್ಲಸ್, ಮೈನಸ್ ಟರ್ಮಿನಲ್ ಮೇಲೇ ಹಿಡಿದುಕೊಂಡು, ಇನ್ನೊಬ್ಬರಿಗೆ ಸೆಲ್ಫ್ ಒತ್ತಲು ಹೇಳಿ ನೋಡಿ. ಅಂಕಿ ದಢಕ್ಕನೆ 8, 7 ಅಂತ ಬಿದ್ದರೆ ಬ್ಯಾಟರಿಗೆ ಜೀವ ಇಲ್ಲ. 11ರ ಆಸುಪಾಸಿನಲ್ಲೇ ನಿಂತೂ ಸೆಲ್ಫ್ ತಿರುಗದಿದ್ದರೆ ಬ್ಯಾಟರಿ ತಪ್ಪಿಲ್ಲ, ರಿಲೇ, ವೈರ್, ಮೋಟಾರ್ ನೋಡಿಸಿ. ಬಿದ್ದರೆ ಇದನ್ನೇ ಅಂಗಡಿಯವರ ಎದುರಿಗೆ ಮಾಡಿ ತೋರಿಸಿ, ಲೋಡ್ ಟೆಸ್ಟರ್ (ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆದು ನೋಡುವ ಮೀಟರ್) ಹಾಕಿ ಅಂತ ಕೇಳಿ. ಹೋಗುವ ಮೊದಲು ಟರ್ಮಿನಲ್ ಉಜ್ಜಿ ಬಿಗಿ ಮಾಡಿ ಇನ್ನೊಮ್ಮೆ ನೋಡಿ, ಬಿಳಿ ಪುಡಿ ಕಟ್ಟಿಕೊಂಡ ಸಡಿಲ ನಟ್ಟೇ ಎಷ್ಟೋ ಸಲ ಕಳ್ಳ.

ಪ್ರಶ್ನೆ: ನನ್ನದು ಹಳೇ ಬೈಕ್, ನೀರು ಹಾಕುವ ಬ್ಯಾಟರಿ. ಮನೆಯ ಆರ್‌ಒ ನೀರು ಹಾಕಬಹುದಾ? ಕಾರಿನ ಚಾರ್ಜರ್ ಇದೆ, ಅದು ಆಗುತ್ತದಾ?
(ನಿವೃತ್ತ ಶಿಕ್ಷಕರು, ಚಿತ್ರದುರ್ಗ)

ಉತ್ತರ: ಆರ್‌ಒ ಬೇಡ ಸರ್, ಅದರಲ್ಲಿ ಉಪ್ಪಿನಂಶ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರ್ ಬಾಟಲಿಗೆ ಜಾಸ್ತಿ ಬೆಲೆಯೇನಿಲ್ಲ. ನೀರು ಬ್ಯಾಟರಿ ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ಇದ್ದರೆ ಸಾಕು, ಆಸಿಡ್ ಮಾತ್ರ ಮತ್ತೆ ಹಾಕಬೇಡಿ, ಆರುವುದು ನೀರು. ಚಾರ್ಜಿಂಗ್ ಲೆಕ್ಕ ಸುಲಭ, ಆಂಪಿಯರ್-ಅವರಿನ ಹತ್ತನೇ ಒಂದು. 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್. ಕಾರಿನ ಚಾರ್ಜರ್ ಇದಕ್ಕೆ ಹಲವು ಪಟ್ಟು ಜಾಸ್ತಿ ಕೊಡುತ್ತದೆ, ಬ್ಯಾಟರಿ ಕುದಿಯುತ್ತದೆ. ಗಾಳಿ ಆಡುವ ಕಡೆ ಇಟ್ಟು, ಮುಚ್ಚಳ ತೆಗೆದು ಚಾರ್ಜ್ ಮಾಡಿ. ಆಗ ಹೊರಬರುವುದು ಹೈಡ್ರೋಜನ್, ಹತ್ತಿರ ಬೀಡಿ ಬೆಂಕಿ ಬೇಡ.

ಪ್ರಶ್ನೆ: ಬಿಚ್ಚಿದ ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ನೆಲಕ್ಕೆ ಹೋಗುತ್ತದೆ ಅಂತಾರೆ, ನಿಜವಾ?
(ವಿದ್ಯಾರ್ಥಿ, ಮಂಗಳೂರು)

ಉತ್ತರ: ಬ್ಯಾಟರಿ ಡಬ್ಬಿ ಮರದ್ದಾಗಿದ್ದ ಕಾಲದಲ್ಲಿ ಆ ಮಾತಿಗೆ ಅರ್ಥ ಇತ್ತು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ನೆಲ, ಹಲಗೆ ಎಲ್ಲ ಒಂದೇ. ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟರಾಯಿತು.